ಕಪ್ಪು ಮದ್ದಿನ ತೋಟಾ ರೈಫಲ್: ಮದ್ದು ಮತ್ತು ಈಡು ಆರಿಸುವ ಬಗೆ

ಕಪ್ಪು ಮದ್ದಿನ ರೈಫಲ್ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. ಎಷ್ಟು ಮದ್ದು ಹಾಕಬೇಕು? ಗುಂಡು ಎಷ್ಟು ವೇಗವಾಗಿ ಹೋಗುತ್ತದೆ? ಅದನ್ನು ಆಮೇಲೆ ಕೇಳಿ. ಹತ್ತನೇ ಗುಂಡು ಹೊಡೆಯುವ ಹೊತ್ತಿಗೆ ನಳಿಗೆಯೊಳಗಿನ ಮಸಿ ಮೆತ್ತಗಿರುತ್ತದೋ, ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೋ? ಮೊದಲು ಕೇಳಬೇಕಾದ ಪ್ರಶ್ನೆ ಇದು. ಮದ್ದಿನ ಕಂಪನಿ, ಕಾಳಿನ ಗಾತ್ರ, ಗುಂಡಿನ ಜಿಡ್ಡು, ಮದ್ದನ್ನು ಒತ್ತುವ ಪ್ರಮಾಣ, ಅಂದರೆ ಈಡಿನ ಎಲ್ಲವನ್ನೂ ಈ ಪ್ರಶ್ನೆ ಮುಂದಿಟ್ಟುಕೊಂಡೇ ಆರಿಸಬೇಕು.

ಈಗಿನ ಹೊಗೆಯಿಲ್ಲದ ಮದ್ದು ಉರಿದರೆ ಹೆಚ್ಚುಕಡಿಮೆ ಪೂರ್ತಿ ಅನಿಲವಾಗಿ ಹೋಗುತ್ತದೆ. ಕಪ್ಪು ಮದ್ದು ಹಾಗಲ್ಲ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಘನರೂಪದಲ್ಲೇ ಉಳಿಯುತ್ತದೆ. ಒಂದಿಷ್ಟು ಆ ದಟ್ಟ ಬಿಳಿ ಹೊಗೆಯಲ್ಲಿ ಹೊರಗೆ ಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಮುಂದಿನ ಗುಂಡು ಅದರ ಮೇಲೇ ಉಜ್ಜಿಕೊಂಡು ಹೋಗಬೇಕು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ಕಂಡವರಿಗೆ ಈ ಮಸಿ ಹೊಸದೇನಲ್ಲ. ನಾನಿಲ್ಲಿ ಬರೆಯುತ್ತಿರುವುದು ಅಮೆರಿಕದ 1870-80ರ ದಶಕದ ಒಂಟಿ ಗುಂಡಿನ ತೋಟಾ ರೈಫಲ್‌ಗಳ ಬಗ್ಗೆ: ಶಾರ್ಪ್ಸ್, ರೆಮಿಂಗ್ಟನ್ ರೋಲಿಂಗ್ ಬ್ಲಾಕ್, ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್. ಇವುಗಳ ಹೊಸ ಪ್ರತಿಗಳನ್ನು ಮೊಂಟಾನಾದ ಬಿಗ್ ಟಿಂಬರ್ ಊರಿನಲ್ಲೂ ಇಟಲಿಯ ಪೆಡರ್ಸೋಲಿ ಕಾರ್ಖಾನೆಯಲ್ಲೂ ಈಗಲೂ ಮಾಡುತ್ತಾರೆ. ಇವುಗಳಿಗಾಗಿಯೇ ಸ್ಪರ್ಧೆಗಳೂ ನಡೆಯುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರು ಇದಕ್ಕೆ ಕೈ ಹಾಕುವಾಗ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆದಿದ್ದೇನೆ.

ಕೈ ಹಾಕುವ ಮುಂಚೆ

ಮೊದಲು ಕಾನೂನು. ಅಮೆರಿಕದಲ್ಲಿ ಎಚ್-1ಬಿ, ಸ್ಟೂಡೆಂಟ್, ವಿಸಿಟರ್ ತರಹದ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ತೋಟಾ ಇಟ್ಟುಕೊಳ್ಳುವುದೂ ಅಷ್ಟೇ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಉಂಟು, ಇನ್ನೂ ಒಂದೆರಡು ವಿನಾಯಿತಿಗಳೂ ಇವೆ. ಆದರೆ ಗ್ರೀನ್ ಕಾರ್ಡ್ ಸ್ನೇಹಿತರು ಮಾಡುತ್ತಾರಲ್ಲ ಎಂದು ಸುಮ್ನೆ ಹೋಗಿ ಕೊಂಡುಬರಬೇಡಿ, ವಕೀಲರನ್ನು ಕೇಳಿ. ಭಾರತದಲ್ಲಂತೂ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತೋಟಾ ತುಂಬುವುದು ಅಪರಾಧ. ಕೊಡಗಿನ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕೆ ಅಲ್ಲ. ಊರಲ್ಲಿರುವವರು ಇದನ್ನು ಓದಿ ತಿಳಿದುಕೊಳ್ಳಿ, ಪ್ರಯೋಗಕ್ಕೆ ಇಳಿಯಬೇಡಿ.

ಇನ್ನು ಜಾಗ್ರತೆ. ಕಪ್ಪು ಮದ್ದಿಗೆ ಒಂದು ಕಿಡಿ ಸಾಕು. ಬಿಗಿಯಾಗಿ ಮುಚ್ಚಿರಬೇಕೆಂದೂ ಇಲ್ಲ, ಮೇಜಿನ ಮೇಲೆ ಚೆಲ್ಲಿದ ಮದ್ದೂ ಭಗ್ಗೆಂದು ಹತ್ತಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಡಬ್ಬಿ ತೆರೆಯಿರಿ. ಬೇಕಾದಷ್ಟು ತೆಗೆದುಕೊಂಡು, ಮುಚ್ಚಳ ಹಾಕಿ ದೂರ ಇಡಿ. ಬೀಡಿ ಸಿಗರೇಟು, ಒಲೆ, ಹೀಟರ್ ಹತ್ತಿರ ಇರಬಾರದು. ಹೊಗೆಯಿಲ್ಲದ ಮದ್ದಿಗೆಂದು ಮಾಡಿದ ಎಲೆಕ್ಟ್ರಿಕ್ ಡಿಸ್ಪೆನ್ಸರ್‌ಗೆ ಕಪ್ಪು ಮದ್ದು ಹಾಕಬೇಡಿ. ಅಳೆಯುವ ಸಾಧನ ಕಪ್ಪು ಮದ್ದಿಗೆಂದೇ ಮಾಡಿದ್ದಾಗಿರಲಿ.

ಹೊಗೆಯಿಲ್ಲದ ಮದ್ದು ಆ ಮೇಜಿನ ಮೇಲೆ ಇರಲೇಬಾರದು. ಅದೂ ಕಪ್ಪಗೇ ಕಾಣುತ್ತದೆ. ಕಪ್ಪು ಮದ್ದಿನ ಅಳತೆಯಲ್ಲಿ ಅದನ್ನು ತುಂಬಿ ಹೊಡೆದರೆ ರೈಫಲ್ ಸಿಡಿದು ಮುಖಕ್ಕೆ ಬರುತ್ತದೆ. ಮಸಿ ಕಡಿಮೆಯಾಗಲಿ ಎಂದು ಕೆಲವರು ತಳದಲ್ಲಿ ಚೂರು ಹೊಗೆಯಿಲ್ಲದ ಮದ್ದು ಹಾಕಿ ಮೇಲೆ ಕಪ್ಪು ಮದ್ದು ತುಂಬುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಮಸಿಯನ್ನು ಹತೋಟಿಗೆ ತರಲು ಸರಿಯಾದ ದಾರಿಗಳಿವೆ. ರೈಫಲ್ ನಿಜವಾಗಿಯೂ 19ನೇ ಶತಮಾನದ್ದಾಗಿದ್ದರೆ, ಹಳೆ ಬಂದೂಕು ಬಲ್ಲ ಗನ್‌ಸ್ಮಿತ್ ನೋಡಿ ಸರಿ ಎನ್ನುವವರೆಗೆ ಒಂದು ಗುಂಡೂ ಹೊಡೆಯಬೇಡಿ.

ಅಳತೆಯ ಬಗ್ಗೆಯೂ ಒಂದು ಮಾತು. ಇಲ್ಲೆಲ್ಲ ತೂಕ ಹೇಳುವುದು ಗ್ರೇನ್‌ನಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ, 70 ಗ್ರೇನ್ ಅಂದರೆ ನಾಲ್ಕೂವರೆ ಗ್ರಾಂ. ತಕ್ಕಡಿ ಗ್ರಾಂನಲ್ಲಿದೆಯೋ ಗ್ರೇನ್‌ನಲ್ಲಿದೆಯೋ ಎಂದು ಪ್ರತಿ ಸಲವೂ ನೋಡಿ.

ರೈಫಲ್‌ಗೆ ತಕ್ಕ ಗುಂಡು

ಹೊಸಬರಿಗೆ .45-70 ಸಾಕು. ಅಮೆರಿಕದ ಸೇನೆ 1873ರಲ್ಲಿ ಟ್ರ್ಯಾಪ್‌ಡೋರ್ ರೈಫಲ್ ಜೊತೆ ತಂದ ತೋಟಾ ಇದು. .45 ಅಂದರೆ ನಳಿಗೆಯ ಅಳತೆ, 70 ಅಂದರೆ ಮದ್ದಿನ ಗ್ರೇನ್. ಆಗಿನ ಗುಂಡು 405 ಗ್ರೇನ್ ತೂಗುತ್ತಿತ್ತು. ಕುದುರೆ ಸವಾರರ ಗಿಡ್ಡ ಕಾರ್ಬೈನ್‌ಗೆ 55 ಗ್ರೇನ್ ಮದ್ದನ್ನಷ್ಟೇ ತುಂಬುತ್ತಿದ್ದರು, ಇಲ್ಲದಿದ್ದರೆ ಹೆಗಲು ನಿಲ್ಲುತ್ತಿರಲಿಲ್ಲ. ಮುಂದೆ ದೂರದ ಗುರಿಗಾಗಿ 500 ಗ್ರೇನ್ ಗುಂಡು ಬಂತು. .45-90, .45-110 ತರಹದ ದೊಡ್ಡ ಕೇಸ್‌ಗಳ (ಮದ್ದು, ಗುಂಡು ಹಿಡಿಯುವ ಹಿತ್ತಾಳೆಯ ಚಿಪ್ಪುಗಳ) ಆಕರ್ಷಣೆ ಬಹಳ. ಆದರೆ ಮದ್ದು ಜಾಸ್ತಿ ಆದಷ್ಟೂ ಮಸಿಯೂ ಜಾಸ್ತಿ, ಹೆಗಲಿಗೆ ಏಟೂ ಜಾಸ್ತಿ. ಮಸಿ ನಿಭಾಯಿಸುವುದನ್ನು .45-70ಯಲ್ಲಿ ಕಲಿತು ಮುಂದೆ ಹೋಗುವುದು ಒಳ್ಳೆಯದು.

ಗುಂಡಿನ ಉದ್ದವನ್ನು ನಿರ್ಧರಿಸುವುದು ನಳಿಗೆಯೊಳಗಿನ ಗೀರುಗಳ ತಿರುವು. ಹೊಸ ಶಾರ್ಪ್ಸ್ ಪ್ರತಿಗಳಲ್ಲಿ ಸಾಮಾನ್ಯವಾಗಿ 18 ಇಂಚಿಗೆ ಒಂದು ಸುತ್ತು ಇರುತ್ತದೆ. ಅದರಲ್ಲಿ 500ರಿಂದ 540 ಗ್ರೇನ್‌ವರೆಗಿನ ಉದ್ದ ಗುಂಡು ಚೆನ್ನಾಗಿ ನಿಲ್ಲುತ್ತದೆ. ಟ್ರ್ಯಾಪ್‌ಡೋರ್‌ನಲ್ಲಿ 22 ಇಂಚಿಗೆ ಒಂದು ಸುತ್ತು. ಅದಕ್ಕೆ 405ರಿಂದ 500 ಗ್ರೇನ್ ಸಾಕು.

ಗುಂಡು ಮೆತ್ತಗಿನ ಸೀಸದ್ದಾಗಿರಬೇಕು. 20 ಪಾಲು ಸೀಸಕ್ಕೆ ಒಂದು ಪಾಲು ತವರ ನಂಬಬಹುದಾದ ಮಿಶ್ರಣ. ಉದ್ದ ಮೂಗಿನ ಗುಂಡು ಹೊಡೆತದ ಒತ್ತಡಕ್ಕೆ ಸೊಟ್ಟಗಾಗುವುದುಂಟು, ಅಂಥದ್ದಕ್ಕೆ 16ಕ್ಕೆ ಒಂದು ಇರಲಿ. ಮದ್ದು ಹತ್ತಿದಾಗ ಮೆತ್ತಗಿನ ಸೀಸ ಹಿಂದಿನಿಂದ ಒತ್ತಿಸಿಕೊಂಡು ಚೂರು ಉಬ್ಬುತ್ತದೆ, ಗೀರುಗಳನ್ನು ತುಂಬಿ ಅನಿಲವನ್ನು ತಡೆಯುತ್ತದೆ. ಗಟ್ಟಿ ಮಿಶ್ರಣದ ಗುಂಡು ಈ ಕೆಲಸ ಮಾಡುವುದಿಲ್ಲ.

ಇನ್ನು ಜಿಡ್ಡು. ಗುಂಡಿನ ಸುತ್ತಲಿನ ತೋಡುಗಳಲ್ಲಿ ತುಂಬುವ ಜಿಡ್ಡಿನ ಕೆಲಸ ಬರೀ ಜಾರಿಸುವುದಲ್ಲ, ಮಸಿಯನ್ನು ಮೆತ್ತಗೆ ಇಡುವುದು. ಜೇನುಮೇಣ, ಕುರಿ ಕೊಬ್ಬು, ಸಸ್ಯದ ಎಣ್ಣೆ ಸೇರಿದ ಜಿಡ್ಡು ಇದಕ್ಕೆ ಸರಿ. ಪೆಟ್ರೋಲಿಯಂ ಗ್ರೀಸ್ ಹಾಕಿದರೆ ಮಸಿಯ ಜೊತೆ ಸೇರಿ ಟಾರಿನ ಹಾಗೆ ಗಟ್ಟಿಯಾಗುತ್ತದೆ. ಹೊಗೆಯಿಲ್ಲದ ಮದ್ದಿಗೆಂದು ಮಾರುವ ಗುಂಡುಗಳಲ್ಲಿ ಗಟ್ಟಿ ಮೇಣದ ಜಿಡ್ಡಿರುತ್ತದೆ, ಅದೂ ಇಲ್ಲಿ ನಡೆಯುವುದಿಲ್ಲ. ತೋಡುಗಳು ಅಗಲವಾಗಿ, ಆಳವಾಗಿ ಇರುವ ಗುಂಡು ಕೊಳ್ಳಿ.

ಯಾವ ಮದ್ದು?

ಡಬ್ಬಿಯ ಮೇಲಿನ ಎಫ್ ಅಕ್ಷರ ಕಾಳಿನ ಗಾತ್ರ ಹೇಳುತ್ತದೆ. ಎಫ್ ಜಾಸ್ತಿ ಆದಷ್ಟೂ ಕಾಳು ಸಣ್ಣ. ಸಣ್ಣ ಕಾಳು ಬೇಗ ಉರಿಯುತ್ತದೆ, ಒತ್ತಡ ಬೇಗ ಏರುತ್ತದೆ. 4ಎಫ್ ಚಕಮಕಿ ಕೋವಿಯ ಬಟ್ಟಲಿಗೆ, ತೋಟಾಗೆ ಅಲ್ಲವೇ ಅಲ್ಲ. 3ಎಫ್ ರಿವಾಲ್ವರ್‌ಗೆ ಮತ್ತು ಸಣ್ಣ ನಳಿಗೆಗೆ. .45-70ಗೆ 2ಎಫ್ ಅಥವಾ ಒಂದೂವರೆ ಎಫ್. .45-110 ತರಹದ ದೊಡ್ಡ ಕೇಸ್‌ಗೆ ಒಂದೂವರೆ ಅಥವಾ ಒಂದು ಎಫ್. ಇಷ್ಟು ನೆನಪಿದ್ದರೆ ಸಾಕು.

ಕಷ್ಟ ಶುರುವಾಗುವುದು ಕಂಪನಿ ಬದಲಾದಾಗ. ಒಬ್ಬರ 2ಎಫ್ ಇನ್ನೊಬ್ಬರ 2ಎಫ್‌ಗೆ ಸಮ ಅಲ್ಲ. ಸ್ವಿಟ್ಜರ್ಲೆಂಡಿನ ಒಬಾನ್ ಕಾರ್ಖಾನೆಯ ಸ್ವಿಸ್ ಮದ್ದು ಸಾಂದ್ರವಾಗಿರುತ್ತದೆ, ಅಷ್ಟೇ ತೂಕಕ್ಕೆ ಹೆಚ್ಚು ವೇಗ ಕೊಡುತ್ತದೆ. ಅದರ ಮಸಿಯಲ್ಲಿ ತೇವ ಉಳಿಯುತ್ತದೆ. ಅಮೆರಿಕದ ಗೋಯೆಕ್ಸ್ ಅಗ್ಗ, ಆದರೆ ಅದರ ಸಾಮಾನ್ಯ ಮದ್ದಿನ ಮಸಿ ಒಣ ಹವೆಯಲ್ಲಿ ಬೇಗ ಗಟ್ಟಿಯಾಗುತ್ತದೆ. ಅದೇ ಕಂಪನಿಯ ಓಲ್ಡ್ ಐನ್ಸ್‌ಫರ್ಡ್ ತೋಟಾ ರೈಫಲ್‌ನವರಿಗೆಂದೇ ಬಂದದ್ದು. ಸ್ವಿಸ್‌ಗೆ ಹತ್ತಿರದ ಗುಣ, ಬೆಲೆ ಕಡಿಮೆ. ಜರ್ಮನಿಯ ಶೂಟ್ಸೆನ್ ಕೂಡ ಸಿಗುತ್ತದೆ. 2021ರಲ್ಲಿ ಗೋಯೆಕ್ಸ್ ಕಾರ್ಖಾನೆ ಮುಚ್ಚುತ್ತಾರೆಂಬ ಸುದ್ದಿ ಬಂದಾಗ ಈ ರೈಫಲ್‌ನವರೆಲ್ಲ ಕಂಗಾಲಾಗಿದ್ದರು. ಮರುವರ್ಷ, ಆಟದ ರಾಕೆಟ್‌ಗಳಿಗೆ ಹೆಸರಾದ ಎಸ್ಟೆಸ್ ಕಂಪನಿ ಅದನ್ನು ಕೊಂಡಿತು.

ನನ್ನ ಸಲಹೆ ನೇರ. ದುಡ್ಡಿಗೆ ಅಡ್ಡಿಯಿಲ್ಲದಿದ್ದರೆ ಸ್ವಿಸ್ ಒಂದೂವರೆ ಎಫ್‌ನಿಂದ ಶುರು ಮಾಡಿ. ಅದು ದುಬಾರಿ ಅನಿಸಿದರೆ ಓಲ್ಡ್ ಐನ್ಸ್‌ಫರ್ಡ್ ಒಂದೂವರೆ ಎಫ್. ಮೊದಲ ವರ್ಷ ಬೇರೆ ಯಾವುದನ್ನೂ ಮುಟ್ಟಬೇಡಿ. ನಾಲ್ಕು ಮದ್ದು, ಮೂರು ಗುಂಡು, ಮೂರು ಪ್ರೈಮರ್ (ಕೇಸ್‌ನ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಇಟ್ಟುಕೊಂಡರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ಪೈರೋಡೆಕ್ಸ್ ತರಹದ ಬದಲಿ ಮದ್ದುಗಳಿಗೆ ಅವುಗಳದೇ ಲೆಕ್ಕ. ತೂಕಕ್ಕೆ ತೂಕ ಎಂದು ಕಪ್ಪು ಮದ್ದಿನ ಜಾಗದಲ್ಲಿ ಹಾಕುವ ಹಾಗಿಲ್ಲ.

ಈಡು ತುಂಬುವುದು

ಮರೆಯಬಾರದ ನಿಯಮ ಒಂದಿದೆ. ಮದ್ದು ಮತ್ತು ಗುಂಡಿನ ನಡುವೆ ಖಾಲಿ ಜಾಗ ಇರಬಾರದು. ಖಾಲಿ ಬಿಟ್ಟರೆ ನಳಿಗೆಯೋ ಚೇಂಬರೋ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಉಂಗುರದಂತೆ ಉಬ್ಬಿ ಹಾಳಾಗಬಹುದು. ಹಾಗಾಗಿ ಎಷ್ಟು ಮದ್ದು ಎಂಬುದನ್ನು ಬಹುಮಟ್ಟಿಗೆ ಕೇಸ್‌ನ ಜಾಗವೇ ಹೇಳುತ್ತದೆ.

ಆ ಜಾಗ ಕಂಡುಹಿಡಿಯುವುದು ಹೀಗೆ. ಪ್ರೈಮರ್ ಇಲ್ಲದ, ಮದ್ದಿಲ್ಲದ ಖಾಲಿ ಕೇಸ್‌ಗೆ ಗುಂಡು ಸಿಕ್ಕಿಸಿ ಚೇಂಬರ್‌ಗೆ ತಳ್ಳಿ. ಗುಂಡು ಗೀರುಗಳಿಗೆ ಮೆಲ್ಲಗೆ ತಾಗಿ ನಿಲ್ಲುವ ಉದ್ದ ಸಿಗುತ್ತದೆ. ಅದನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ. ಗುಂಡಿನ ಉದ್ದ ಗೊತ್ತಿದೆ, ಕೇಸ್‌ನ ಉದ್ದ ಗೊತ್ತಿದೆ. ಗುಂಡಿನ ತಳ ಕೇಸ್‌ನ ಬಾಯಿಂದ ಎಷ್ಟು ಕೆಳಗೆ ಕೂತಿದೆ ಎಂದು ಕಳೆದರೆ ಬರುತ್ತದೆ. ಅದಕ್ಕೆ ವ್ಯಾಡ್‌ನ (ಮದ್ದಿಗೂ ಗುಂಡಿಗೂ ನಡುವೆ ಇಡುವ ಬಿಲ್ಲೆಯ) ದಪ್ಪ ಸೇರಿಸಿ. ಒತ್ತಿದ ಮೇಲೆ ಮದ್ದು ಸರಿಯಾಗಿ ಅಲ್ಲಿಗೆ ಬಂದು ನಿಲ್ಲಬೇಕು.

ಈಗ ತುಂಬುವ ಕೆಲಸ. ಒಮ್ಮೆ ಹೊಡೆದ ನಿಮ್ಮದೇ ರೈಫಲ್‌ನ ಕೇಸ್ ಉತ್ತಮ, ಅದು ಆಗಲೇ ಚೇಂಬರ್‌ನ ಆಕಾರಕ್ಕೆ ಹಿಗ್ಗಿರುತ್ತದೆ. ಲಾರ್ಜ್ ರೈಫಲ್ ಪ್ರೈಮರ್ ಹಾಕಿ. ಮದ್ದನ್ನು ತೂಗಿ, ಎರಡು ಅಡಿಗಿಂತ ಕಡಿಮೆಯಿಲ್ಲದ ಹಿತ್ತಾಳೆಯ ಡ್ರಾಪ್ ಟ್ಯೂಬ್‌ನಲ್ಲಿ ನಿಧಾನವಾಗಿ ಸುರಿಯಿರಿ. ಸೇರಿನಲ್ಲಿ ಅಕ್ಕಿ ಅಳೆಯುವಾಗ ತಟ್ಟಿದರೆ ಮಟ್ಟ ಇಳಿಯುತ್ತದಲ್ಲ, ಇಲ್ಲಿಯೂ ಹಾಗೇ. ಎತ್ತರದಿಂದ ಬಿದ್ದ ಕಾಳುಗಳು ಒತ್ತಾಗಿ ಕೂರುತ್ತವೆ. ಅದೇ 65 ಗ್ರೇನನ್ನು ಒಮ್ಮೆ ಚಮಚದಲ್ಲಿ ಸುರಿದು, ಒಮ್ಮೆ ಟ್ಯೂಬ್‌ನಲ್ಲಿ ಸುರಿದು ಪಕ್ಕಪಕ್ಕ ಇಟ್ಟು ನೋಡಿ. ಚಮಚದ ಮದ್ದು ಬಾಯಿಯ ಹತ್ತಿರ ಬಂದಿರುತ್ತದೆ, ಟ್ಯೂಬ್‌ನದು ಕಣ್ಣಿಗೆ ಕಾಣುವಷ್ಟು ಕೆಳಗಿರುತ್ತದೆ.

ಹಳೆಯ ಕಾಲದ ಕೇಸ್‌ನ ತಳ ತೆಳ್ಳಗಿತ್ತು, 70 ಗ್ರೇನ್ ಹಿಡಿಯುತ್ತಿತ್ತು. ಈಗಿನ ಕೇಸ್‌ನ ತಳ ದಪ್ಪ. 500 ಗ್ರೇನ್ ದಾಟಿದ ಗುಂಡಿಗೆ ಈಗ ಸಾಮಾನ್ಯವಾಗಿ 60ರಿಂದ 66 ಗ್ರೇನ್ ಒಳಗೆ ಲೆಕ್ಕ ಕೂರುತ್ತದೆ. ಮದ್ದಿನ ಕಂಪನಿ ಪ್ರಕಟಿಸಿದ ಅಂಕಿ ನೋಡಿ, ಅದರ ಕೆಳಗಿನ ತುದಿಯಿಂದ ಶುರು ಮಾಡಿ. 70 ಹಾಕಲೇಬೇಕು ಎಂಬ ಹಟ ಬೇಡ. ಸ್ಪರ್ಧೆಯಲ್ಲಿ ಇಡುವ ಪ್ರಾಣಿಯಾಕಾರದ ಉಕ್ಕಿನ ಗುರಿ ಬೀಳಿಸಲು ಬೇಕಾದ್ದು ಭಾರದ ಗುಂಡು, ಅದು 62 ಗ್ರೇನ್‌ನಲ್ಲೂ ಬೀಳುತ್ತದೆ.

ಮದ್ದಿನ ಮೇಲೆ ವ್ಯಾಡ್ ಇಡಿ. ನಾರಿನ ರಟ್ಟಿನದು, 0.060 ಇಂಚು ದಪ್ಪದ್ದು ಎಲ್ಲೆಡೆ ಸಿಗುತ್ತದೆ. ಬಿಸಿ ಅನಿಲ ಗುಂಡಿನ ತಳವನ್ನು ಕರಗಿಸದಂತೆ ಅದು ಕಾಯುತ್ತದೆ. ಆಮೇಲೆ ಒತ್ತುವುದು. ಇದಕ್ಕೆ ಕಂಪ್ರೆಷನ್ ಡೈ (ಕೇಸ್‌ನೊಳಗಿನ ಮದ್ದು ಒತ್ತುವ ಸಾಧನ) ಬೇಕೇ ಬೇಕು. ಗುಂಡಿನಿಂದಲೇ ಮದ್ದನ್ನು ಒತ್ತಲು ಹೋದರೆ ಮೆತ್ತಗಿನ ಸೀಸದ ಆಕಾರ ಕೆಡುತ್ತದೆ, ಅಲ್ಲಿಗೆ ಗುರಿಯೂ ಕೆಟ್ಟ ಹಾಗೆ.

ಎಷ್ಟು ಒತ್ತಬೇಕು? ಕಂಪನಿಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ. ಸ್ವಿಸ್‌ಗೆ ಹೆಚ್ಚು ಒತ್ತು ಬೇಡ. ಬರೀ ತಾಗುವಷ್ಟರಿಂದ ಶುರು ಮಾಡಿ ಒಂದೂವರೆ ಮಿಲಿಮೀಟರ್‌ವರೆಗೆ ನೋಡಿ. ಗೋಯೆಕ್ಸ್ ಮತ್ತು ಓಲ್ಡ್ ಐನ್ಸ್‌ಫರ್ಡ್ ಚೆನ್ನಾಗಿ ಒತ್ತಿಸಿಕೊಳ್ಳುತ್ತವೆ. 3 ಮಿಲಿಮೀಟರ್‌ನಿಂದ ಶುರು ಮಾಡಿ, ಕೆಲವು ರೈಫಲ್‌ಗಳಲ್ಲಿ 6ರ ಹತ್ತಿರವೂ ಹೋಗಬೇಕಾಗುತ್ತದೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿ "ಈ ಮದ್ದು ಸರಿಯಿಲ್ಲ" ಅನ್ನುವವರು ಬಹಳ ಜನ. ಒತ್ತು ಹೆಚ್ಚುಕಡಿಮೆ ಆದರೆ ವೇಗ ಮಾತ್ರವಲ್ಲ, ಉರಿಯುವ ರೀತಿ ಬದಲಾಗುತ್ತದೆ, ಮಸಿಯೂ ಬದಲಾಗುತ್ತದೆ.

ಕೊನೆಗೆ ಗುಂಡನ್ನು ಬೆರಳಿನಿಂದಲೇ ಕೂರಿಸುವಷ್ಟು ಸಡಿಲವಾಗಿ ಕೂರಿಸಿ. ಒಂಟಿ ಗುಂಡಿನ ರೈಫಲ್‌ಗೆ ಕೇಸ್‌ನ ಬಾಯಿ ಬಿಗಿಯುವ ಅಗತ್ಯವಿಲ್ಲ. ವಿಂಚೆಸ್ಟರ್ 1886 ತರಹದ ಲಿವರ್ ರೈಫಲ್‌ನಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ಇರುತ್ತವೆ. ಅಲ್ಲಿ ಬಾಯಿ ಬಿಗಿಯಲೇಬೇಕು, ಗುಂಡಿನ ಮೂಗು ಚಪ್ಪಟೆ ಇರಲೇಬೇಕು. ಚೂಪು ಮೂಗು ಮುಂದಿನ ತೋಟಾದ ಪ್ರೈಮರ್‌ಗೆ ಬಡಿದರೆ ಕೊಳವೆಯೊಳಗೇ ಹತ್ತಿಕೊಳ್ಳುತ್ತದೆ.

ರೇಂಜ್‌ನಲ್ಲಿ ಪರೀಕ್ಷೆ

ಒಂದೊಂದು ಗ್ರೇನ್ ಅಂತರದಲ್ಲಿ ನಾಲ್ಕೈದು ಬಗೆಯ ಈಡು ಮಾಡಿಕೊಳ್ಳಿ. ಪ್ರತಿಯೊಂದರಲ್ಲೂ ಹತ್ತು ತೋಟಾ ಇರಲಿ. ಮೂರು ಗುಂಡು ಹೊಡೆದು ತೀರ್ಮಾನಕ್ಕೆ ಬರಬೇಡಿ, ಮಸಿ ತನ್ನ ಆಟ ತೋರಿಸುವುದು ಆರೇಳನೇ ಗುಂಡಿನ ನಂತರ. ದೂರ 200 ಗಜ ಇರಲಿ. 50 ಗಜದಲ್ಲಿ ಎಲ್ಲ ಈಡೂ ಒಳ್ಳೆಯದಾಗೇ ಕಾಣುತ್ತದೆ.

ಪ್ರತಿ ಗುಂಡಿನ ನಂತರ ಮಸಿಯನ್ನು ಒಂದೇ ರೀತಿ ನೋಡಿಕೊಳ್ಳಬೇಕು. ದಾರಿ ಎರಡು. ಮೊದಲನೆಯದು ಬ್ಲೋ ಟ್ಯೂಬ್: ತೂತು ಕೊರೆದ ಖಾಲಿ ಕೇಸ್‌ಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಚೇಂಬರ್‌ಗೆ ಇಟ್ಟು ಹಿಂದಿನಿಂದ ಮೂರ್ನಾಲ್ಕು ಸಲ ದೀರ್ಘವಾಗಿ ಊದುವುದು. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ಎರಡನೆಯದು, ತೇವದ ಬಟ್ಟೆಯನ್ನು ಉದ್ದ ಕಡ್ಡಿಗೆ ಸಿಕ್ಕಿಸಿ ಒಮ್ಮೆ ಎಳೆದು, ಒಣ ಬಟ್ಟೆಯಲ್ಲಿ ಒರೆಸುವುದು. ಹವೆ ತೇವವಾಗಿದ್ದರೆ ಊದಿದರೆ ಸಾಕು. ನ್ಯೂ ಮೆಕ್ಸಿಕೋದ ರ್‍ಯಾಟನ್‌ನಂಥ ಒಣ, ಎತ್ತರದ ಜಾಗದಲ್ಲಿ ಬಿಸಿಲು ಏರಿದ ಮೇಲೆ ಊದಿ ಸಾಕಾಗುವುದಿಲ್ಲ, ಒರೆಸುವುದೇ ಸರಿ. ಈ ರೈಫಲ್‌ಗಳ ಸಿಲ್ಹೂಯೆಟ್ (ಪ್ರಾಣಿಯಾಕಾರದ ಉಕ್ಕಿನ ಗುರಿ ಬೀಳಿಸುವ) ಸ್ಪರ್ಧೆ 1985ರಲ್ಲಿ ಶುರುವಾದದ್ದು ಅಲ್ಲೇ. 200 ಮೀಟರ್‌ನಲ್ಲಿ ಕೋಳಿ, 300ರಲ್ಲಿ ಹಂದಿ, 385ರಲ್ಲಿ ಟರ್ಕಿ, 500ರಲ್ಲಿ ಟಗರು. ಕೋಳಿಗೆ ನಿಂತುಕೊಂಡೇ, ಯಾವ ಆಧಾರವೂ ಇಲ್ಲದೆ ಹೊಡೆಯಬೇಕು.

ಹಿಂದಿನಿಂದ ನಳಿಗೆ ತಲುಪುವುದು ಈ ರೈಫಲ್‌ಗಳ ದೊಡ್ಡ ಅನುಕೂಲ. 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್‌ನಲ್ಲಿ ಅಮೆರಿಕದ ತಂಡ ಐರ್ಲೆಂಡಿನ ತಂಡವನ್ನು ಎದುರಿಸಿತು. ಐರಿಷ್ ತಂಡದ್ದು ಬಾಯಿಂದ ಮದ್ದು ತುಂಬುವ ರಿಗ್ಬಿ ರೈಫಲ್, ಅಮೆರಿಕದವರದು ಹಿಂದಿನಿಂದ ತುಂಬುವ ಶಾರ್ಪ್ಸ್ ಮತ್ತು ರೆಮಿಂಗ್ಟನ್. ದೂರ 800, 900, 1000 ಗಜ. ಅಮೆರಿಕ 934-931ರಿಂದ ಗೆದ್ದಿತು. ಎರಡೂ ಕಡೆ ಉರಿದದ್ದು ಕಪ್ಪು ಮದ್ದೇ. ಇಷ್ಟು ದೂರಕ್ಕೆ ಈ ಮದ್ದು ಸಾಲದು ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಗುರಿ ಹಾಳೆಯಲ್ಲಿ ಮೇಲೆ-ಕೆಳಗಿನ ಹರಡು ನೋಡಿ. ಅಕ್ಕಪಕ್ಕ ಹೋದದ್ದು ಗಾಳಿಯದೋ ನಿಮ್ಮ ಕೈಯದೋ ಇರಬಹುದು. ಮೇಲೆ-ಕೆಳಗೆ ಹರಡಿದರೆ ಅನುಮಾನ ಮೊದಲು ಈಡಿನ ಮೇಲೆ, ಆಮೇಲೆ ಮಸಿಯ ಮೇಲೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ವೇಗದ ಸರಾಸರಿಗಿಂತ ಏರಿಳಿತ ನೋಡಿ. ಸ್ಟ್ಯಾಂಡರ್ಡ್ ಡೀವಿಯೇಷನ್ (ಆ ಏರಿಳಿತದ ಅಳತೆ) ಸೆಕೆಂಡಿಗೆ 10 ಅಡಿಯೊಳಗೆ ಬಂದರೆ ಆ ಈಡು ಒಳ್ಳೆಯದು.

ನಳಿಗೆಯ ಬಾಯಿಯನ್ನೂ ನೋಡಲೇಬೇಕು. ಐದಾರು ಗುಂಡು ಹೊಡೆದ ಮೇಲೆ ಬಾಯಿಯ ಅಂಚಿನಲ್ಲಿ ಜಿಡ್ಡು ಹೊರಗೆ ಚಿಮ್ಮಿ ನಕ್ಷತ್ರದ ಆಕಾರದಲ್ಲಿ ಒದ್ದೆ ಗುರುತು ಮೂಡಿರಬೇಕು. ಬೆರಳಿಟ್ಟರೆ ಕಪ್ಪು ಜಿಡ್ಡು ಅಂಟಬೇಕು. ಅಂಟಿದರೆ ಜಿಡ್ಡು ನಳಿಗೆಯ ಕೊನೆಯವರೆಗೂ ಸಾಕಾಗಿದೆ ಎಂದರ್ಥ. ಅಂಚು ಬೂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಸಾಲದಾಗಿದೆ. ಆಗ ಹಿಂದಿನಿಂದ ಬಟ್ಟೆ ಸಿಕ್ಕಿಸಿದ ಕಡ್ಡಿ ತಳ್ಳಿ ನೋಡಿ. ಮುಕ್ಕಾಲು ನಳಿಗೆ ಸಲೀಸಾಗಿ ಹೋದ ಬಟ್ಟೆ ಕೊನೆಯ ನಾಲ್ಕೈದು ಇಂಚಿನಲ್ಲಿ ಗರಗರ ಎಂದು ಹಿಡಿಯುತ್ತದೆ. ಗಟ್ಟಿ ಮಸಿ ಕೂತಿರುವುದು ಅಲ್ಲೇ, ಗುಂಡು ಕೆಡುತ್ತಿರುವುದೂ ಅಲ್ಲೇ. ಹೀಗಾದರೆ ಮದ್ದು ಬದಲಿಸುವ ಮೊದಲು ಜಾಸ್ತಿ ಜಿಡ್ಡು ಹಿಡಿಯುವ ಗುಂಡು ಹಾಕಿ, ಇಲ್ಲವೇ ಊದುವುದನ್ನು ಬಿಟ್ಟು ಒರೆಸಲು ಶುರು ಮಾಡಿ. ಅದರಲ್ಲೂ ಬಗೆಹರಿಯದಿದ್ದರೆ ಒತ್ತು ಬದಲಿಸಿ. ಮದ್ದು ಬದಲಿಸುವುದು ಕೊನೆಯದಾಗಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ತೊಳೆಯುವುದು, ಬರೆದಿಡುವುದು

ಮಸಿ ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದೇ ದಿನ ತೊಳೆಯಬೇಕು, ನಾಳೆಗೆ ಬಿಡುವ ಹಾಗಿಲ್ಲ. ಅದು ಹೆಚ್ಚಾಗಿ ಉಪ್ಪಿನ ಜಾತಿಯದಾದ್ದರಿಂದ ನೀರೇ ಅದಕ್ಕೆ ಮದ್ದು. ಬರೀ ಎಣ್ಣೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ಸೋಪು ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಎಣ್ಣೆ. ಖಾಲಿ ಕೇಸ್‌ಗಳನ್ನು ರೇಂಜ್‌ನಲ್ಲೇ ಸೋಪು ನೀರಿನ ಬಾಟಲಿಗೆ ಹಾಕಿಬಿಡಿ. ಹಾಗೇ ಬಿಟ್ಟರೆ ಹಿತ್ತಾಳೆ ಹಸಿರುಗಟ್ಟಿ ತಿಂದುಹೋಗುತ್ತದೆ.

ಪುಸ್ತಕವೊಂದಿರಲಿ. ಮದ್ದಿನ ಹೆಸರು, ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ಮದ್ದಿನ ಕಂತಿನ ಸಂಖ್ಯೆ), ತೂಕ, ಒತ್ತಿದ ಪ್ರಮಾಣ, ಗುಂಡು, ಜಿಡ್ಡು, ಪ್ರೈಮರ್, ಆ ದಿನದ ಬಿಸಿಲು ಮತ್ತು ತೇವ, ಊದಿದಿರೋ ಒರೆಸಿದಿರೋ, ಎಲ್ಲ ಬರೆಯಿರಿ. ಒಳ್ಳೆಯ ಈಡು ಸಿಕ್ಕಿತು ಅನಿಸಿದಾಗ ಅದೇ ಲಾಟ್‌ನ ಮದ್ದನ್ನು, ಕಾನೂನು ಬಿಡುವಷ್ಟು, ಒಟ್ಟಿಗೆ ಕೊಂಡಿಡಿ. ಒಂದೇ ಹೆಸರಿನ ಡಬ್ಬಿಯಾದರೂ ಲಾಟ್‌ನಿಂದ ಲಾಟ್‌ಗೆ ವ್ಯತ್ಯಾಸ ಬರುತ್ತದೆ. ಹೊಸ ಲಾಟ್ ತೆರೆದಾಗ ಹಳೆಯ ಅಳತೆಯಲ್ಲೇ ಹತ್ತು ತೋಟಾ ತುಂಬಿ 200 ಗಜದಲ್ಲಿ ಹೊಡೆದು ನೋಡಿ. ಗುಂಡುಗಳು ಮೊದಲಿನ ಜಾಗದಲ್ಲೇ ಬಿದ್ದು, ಬಾಯಿಯ ಅಂಚೂ ಒದ್ದೆಯಾಗಿದ್ದರೆ ಹಾಗೇ ಮುಂದುವರಿಸಿ. ಇಲ್ಲದಿದ್ದರೆ ಒತ್ತುವ ಪ್ರಮಾಣದಿಂದ ಮತ್ತೆ ಶುರು ಮಾಡಿ.